ಸರ್ವರಿಗೆ ಸೂಚನೆ ಎಲ್ಲಿಂದ?

ಕೊಂಕಣ ರೈಲ್ವೆಯ ಹಾದಿಯಲ್ಲಿರುವ ಕಾರವಾರ, ಹಾರವಾಡ, ಅಂಕೋಲೆ ನಿಲ್ದಾಣಗಳಲ್ಲಿ ವರ್ಷಕ್ಕೆರಡು ಸಲ ಗಾಡಿಗಳ ವೇಳಾಪಟ್ಟಿ ಬದಲಾಗುತ್ತದೆ. ಮಳೆಗಾಲ ಮೊದಲಾದೊಡನೆ ಒಂದು ಪಟ್ಟಿ. ಮಳೆ ಹಿಂದೆಗೆದ ಮೇಲೆ ಇನ್ನೊಂದು. ಸಹ್ಯಾದ್ರಿಯ ಮಗ್ಗುಲಲ್ಲಿ, ಕಡಿದ ಗುಡ್ಡಗಳ ನಡುವೆಯೂ ಸುರಂಗಗಳ ಒಳಗೂ ಹಾಯುವ ಈ ಹಾದಿಯಲ್ಲಿ ಮಳೆ ಬಿದ್ದಾಗ ಮಣ್ಣು ಕುಸಿಯುವ ಭಯವಿರುವುದರಿಂದ ಗಾಡಿಗಳ ವೇಗವನ್ನು ತಗ್ಗಿಸುತ್ತಾರೆ. ಜಡಿಮಳೆಯಲ್ಲಿ ಮುಂದಿನದು ಸರಿಯಾಗಿ ಕಾಣದಿದ್ದಾಗ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿಯೇ ಸಾಗಬೇಕೆಂದು ಚಾಲಕರಿಗೆ ಆಜ್ಞೆಯುಂಟು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಜೂನ್ ತಿಂಗಳಲ್ಲಿ ಎಂಜಿನ್ ಬದಲಾಗುವುದಿಲ್ಲ, ಹಳಿಗಳು ಬದಲಾಗುವುದಿಲ್ಲ, ಚಾಲಕನು ಕಲಿತ ವಿದ್ಯೆಯೂ ಬದಲಾಗುವುದಿಲ್ಲ. ಬದಲಾಗುವುದು ಅವನ ಕೈಗೆ ಬರುವ ಸೂಚನೆ ಮಾತ್ರ. ಆ ಸೂಚನೆಯಾದರೂ ವರ್ಷ ವರ್ಷವೂ ಒಂದೇ ಆಗಿರುವುದಿಲ್ಲ. ಹಲವು ವರ್ಷ ಜೂನ್ 10ರಿಂದ ಅಕ್ಟೋಬರ್ 31ರವರೆಗೆ ನಡೆಯುತ್ತಿದ್ದ ಮಳೆಗಾಲದ ಪಟ್ಟಿ 2025ರಲ್ಲಿ ಜೂನ್ 15ರಿಂದ ಅಕ್ಟೋಬರ್ 20ರವರೆಗೆ ಎಂದು ಮಾರ್ಪಟ್ಟಿತು. ‘ಜೂನ್ 10’ ಎಂಬ ದಿನಾಂಕವನ್ನು ಎಂಜಿನ್ನಿನ ಉಕ್ಕಿನಲ್ಲಿಯೇ ಕೆತ್ತಿಬಿಟ್ಟಿದ್ದರೆ ಆ ವರ್ಷ ಎಂಜಿನ್ನುಗಳನ್ನೆಲ್ಲ ಕಾರ್ಖಾನೆಗೆ ಕಳುಹಬೇಕಾಗುತ್ತಿತ್ತು. ಕಾಗದದ ಮೇಲೆ ಬರೆದುದರಿಂದ ಕಾಗದವನ್ನು ಬದಲಿಸಿದರೆ ಸಾಕಾಯಿತು.

ಇದೇ ನ್ಯಾಯವು ಗಣಕಯಂತ್ರಗಳ ಲೋಕದಲ್ಲಿಯೂ ಉಂಟು. ಅಲ್ಲಿ ಈ ಕಾಗದಕ್ಕೆ ‘ಕಾನ್ಫಿಗರೇಷನ್ ಫೈಲ್’ ಎಂದು ಹೆಸರು. ನಾವು ಸಂರಚನಾ ಕಡತ ಎನ್ನೋಣ. ಸರ್ವರ್ ತಂತ್ರಾಂಶವು ಈ ಕಡತವನ್ನು ಎಲ್ಲಿ ಹುಡುಕುತ್ತದೆ, ಹೇಗೆ ಓದುತ್ತದೆ, ಓದುವಲ್ಲಿ ಎಡವಿದರೆ ಏನಾಗುತ್ತದೆ ಎಂಬುದನ್ನು ತಿಳಿದುಕೊಳ್ಳುವುದೇ ಈ ಲೇಖನದ ಉದ್ದೇಶ.

ಯಂತ್ರ ಬೇರೆ, ಸೂಚನೆ ಬೇರೆ

ಕೇಳಿದವರಿಗೆ ಕೇಳಿದುದನ್ನು ಒದಗಿಸುತ್ತ ಹಗಲಿರುಳು ಕಾದಿರುವ ತಂತ್ರಾಂಶಕ್ಕೆ ಸರ್ವರ್ ಎಂದು ಹೆಸರು. ಅಂಕೋಲೆಯ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಪುಸ್ತಕಗಳ ಪಟ್ಟಿಯನ್ನು ತೋರಿಸುವ ಸರ್ವರ್ ಇದೆಯೆಂದು ಭಾವಿಸೋಣ. ಅದೇ ತಂತ್ರಾಂಶವನ್ನು ಕಾರವಾರದ ಇನ್ನೊಂದು ಕಾಲೇಜೂ ಬಳಸುತ್ತಿರಬಹುದು. ಎರಡು ಕಡೆಯೂ ಪ್ರೋಗ್ರಾಂ ಒಂದೇ. ಆದರೆ ಪುಸ್ತಕಗಳ ಮಾಹಿತಿ ಯಾವ ಯಂತ್ರದಲ್ಲಿದೆ, ಯಾವ ಪೋರ್ಟಿನಲ್ಲಿ ಕಿವಿಗೊಟ್ಟಿರಬೇಕು, ಏಕಕಾಲಕ್ಕೆ ಎಷ್ಟು ಜನರಿಗೆ ಉತ್ತರ ಕೊಡಬಹುದು, ನಡೆದ ಸಂಗತಿಗಳ ದಾಖಲೆಯನ್ನು ಎಲ್ಲಿ ಬರೆಯಬೇಕು ಎಂಬಿವು ಊರಿಂದೂರಿಗೆ ಬೇರೆ. ಇವನ್ನು ಪ್ರೋಗ್ರಾಮಿನೊಳಗೆ ಕೆತ್ತಿಬಿಟ್ಟರೆ ಅಂಕೋಲೆಗೊಂದು, ಕಾರವಾರಕ್ಕೊಂದು ಪ್ರೋಗ್ರಾಂ ಬರೆಯಬೇಕಾದೀತು. ಆದುದರಿಂದ ಎಲ್ಲರಿಗೂ ಸಮಾನವಾದುದನ್ನು ಪ್ರೋಗ್ರಾಮಿನಲ್ಲಿಟ್ಟು, ಸ್ಥಳಕ್ಕೆ ತಕ್ಕಂತೆ ಬದಲಾಗುವುದನ್ನು ಹೊರಗೆ ಒಂದು ಕಡತದಲ್ಲಿಡುವುದು ವಾಡಿಕೆ.

ಹೀಗೆ ಹೊರಗಿಟ್ಟ ಕೂಡಲೇ ಒಂದು ಹೊಸ ಪ್ರಶ್ನೆ ಹುಟ್ಟುತ್ತದೆ. ಸರ್ವರ್ ಎಚ್ಚರಗೊಂಡ ಕ್ಷಣದಲ್ಲಿ ಅದಕ್ಕೆ ಏನೂ ತಿಳಿದಿರುವುದಿಲ್ಲ. ತಿಳಿಯಬೇಕಾದುದೆಲ್ಲ ಆ ಕಡತದಲ್ಲಿದೆ. ಆದರೆ ಕಡತ ಎಲ್ಲಿದೆ ಎಂಬುದನ್ನು ಆ ಕಡತವೇ ಹೇಳಲಾರದಲ್ಲವೇ? ಪೆಟ್ಟಿಗೆಯ ಬೀಗದಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಮುಚ್ಚಿದಂತಾಯಿತು. ಆದುದರಿಂದ ಹುಡುಕುವ ಮೊದಲ ಜಾಗವನ್ನಾದರೂ ಪ್ರೋಗ್ರಾಮಿಗೆ ಮೊದಲೇ ಹೇಳಿರಬೇಕು.

ಹುಡುಕುವುದೆಲ್ಲಿ?

ಅತ್ಯಂತ ಸುಲಭವಾಗಿ ತೋರುವ ಉಪಾಯವೆಂದರೆ ‘ಈಗ ನಾನಿರುವ ಫೋಲ್ಡರಿನಲ್ಲಿ ನೋಡುತ್ತೇನೆ’ ಎಂಬುದು. ಪ್ರತಿಯೊಂದು ಪ್ರೋಗ್ರಾಮಿಗೂ ಅದು ನಡೆಯುತ್ತಿರುವಾಗ ‘ಸದ್ಯದ ಫೋಲ್ಡರ್’ ಎಂಬುದೊಂದಿರುತ್ತದೆ. ವಿದ್ಯಾರ್ಥಿಯೊಬ್ಬನು ತನ್ನ ಫೋಲ್ಡರಿನಲ್ಲಿ ಕುಳಿತು ಪ್ರೋಗ್ರಾಮನ್ನು ನಡೆಸಿದರೆ ಅದು ಅವನ ಫೋಲ್ಡರ್. ಯಂತ್ರ ಚಾಲೂ ಆದಾಗ ತಾನಾಗಿಯೇ ನಡೆದರೆ ಅದು ಸಾಮಾನ್ಯವಾಗಿ ಇಡೀ ಕಡತವೃಕ್ಷದ ಬೇರು. ಅಂದರೆ ಕೈಯಿಂದ ನಡೆಸಿದಾಗ ಸಿಕ್ಕ ಕಡತ, ಮಾರನೆಯ ದಿನ ವಿದ್ಯುತ್ತು ಹೋಗಿ ಬಂದ ಮೇಲೆ ಸಿಗುವುದಿಲ್ಲ. ಪ್ರೋಗ್ರಾಂ ಅದೇ, ಕಡತವೂ ಅದೇ. ನಿಂತ ಸ್ಥಳ ಮಾತ್ರ ಬೇರೆ.

ಇದಕ್ಕಿಂತಲೂ ದೊಡ್ಡ ಅಪಾಯವೊಂದುಂಟು. ತಾನಿರುವ ಕಡೆ ಸಿಕ್ಕ ಕಡತವನ್ನು ನಂಬುವವನು, ಅದನ್ನು ಅಲ್ಲಿ ಇಟ್ಟವರಾರು ಎಂದು ಕೇಳುವುದಿಲ್ಲ. ಪ್ರೋಗ್ರಾಮುಗಳ ಪಠ್ಯವನ್ನು ಕಾಪಾಡುವ ‘ಗಿಟ್’ ಎಂಬ ಪ್ರಸಿದ್ಧ ಸಾಧನವು ತನ್ನ ಕಡತಗಳನ್ನು ಸದ್ಯದ ಫೋಲ್ಡರಿನಲ್ಲಿ ಹುಡುಕಿ, ಸಿಗದಿದ್ದರೆ ಒಂದೊಂದೇ ಮೆಟ್ಟಲು ಮೇಲೇರುತ್ತ ಹೊರಗಿನ ಫೋಲ್ಡರುಗಳಲ್ಲಿ ನೋಡುತ್ತದೆ. ಹಲವರು ಬಳಸುವ ಯಂತ್ರದಲ್ಲಿ ಒಬ್ಬ ಕಿಡಿಗೇಡಿ ಮೇಲಿನ ಮೆಟ್ಟಲಲ್ಲಿ ತನ್ನದೊಂದು ಕಡತವನ್ನಿಟ್ಟರೆ, ಕೆಳಗೆ ಕೆಲಸ ಮಾಡುವ ಅಮಾಯಕನ ಗಿಟ್ ಅದನ್ನೇ ಓದಿ, ಅದರಲ್ಲಿ ಬರೆದ ಪ್ರೋಗ್ರಾಮನ್ನು ನಡೆಸುವ ಸಂಭವವಿತ್ತು. 2022ರ ಏಪ್ರಿಲಿನಲ್ಲಿ ಈ ದೋಷವನ್ನು ಸರಿಪಡಿಸಿದರು. ಅಂದಿನಿಂದ ಫೋಲ್ಡರಿನ ಒಡೆಯನು ಬೇರೆಯವನಾಗಿದ್ದರೆ ಗಿಟ್ ಅದನ್ನು ನಂಬದೆ ನಿಲ್ಲುತ್ತದೆ.

ಆದುದರಿಂದ ಸರ್ವರುಗಳಿಗೆ ಒಪ್ಪುವ ವಿಧಾನವೆಂದರೆ ಗೊತ್ತಾದ ಒಂದು ಸ್ಥಳ. ಕಾರವಾರದ ಎದುರಿನ ದೇವಗಡ ದ್ವೀಪದ ದೀಪಸ್ತಂಭವು ನಕ್ಷೆಯಲ್ಲಿ ಗುರುತಿಸಿದ ಜಾಗದಲ್ಲಿಯೇ ಇರುವುದರಿಂದಲ್ಲವೇ ನಾವಿಕರಿಗೆ ಉಪಯೋಗ? 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಕಟ್ಟತೊಡಗಿದ ಯೂನಿಕ್ಸ್ ವ್ಯವಸ್ಥೆಯಲ್ಲಿ ‘ಇಟಿಸಿ’ ಎಂಬ ಮೂರಕ್ಷರದ ಫೋಲ್ಡರೊಂದಿತ್ತು. ‘ಇತ್ಯಾದಿ’ ಎಂದು ಅದರ ಅರ್ಥ. ಬೇರೆಲ್ಲಿಯೂ ಸೇರದ ಚಿಲ್ಲರೆ ಕಡತಗಳಿಗೆ ಅದು ಆಶ್ರಯ. ಕಾಲ ಕಳೆದಂತೆ ಅದೇ ಸಂರಚನಾ ಕಡತಗಳ ಮನೆಯಾಯಿತು. ಲಿನಕ್ಸ್ ವ್ಯವಸ್ಥೆಗಳಲ್ಲಿ ಯಾವ ಕಡತ ಎಲ್ಲಿರಬೇಕೆಂಬ ಒಡಂಬಡಿಕೆಯ ಮೊದಲ ಪಾಠ 1994ರಲ್ಲಿ ಹೊರಬಂದಿತು. ಆ ಯಂತ್ರಕ್ಕೆ ಮಾತ್ರ ಸಂಬಂಧಿಸಿದ ಸೂಚನೆಗಳು ಇಟಿಸಿಯಲ್ಲಿರತಕ್ಕವು ಎಂಬುದು ಆ ಸಂಪ್ರದಾಯದ ಸಾರ.

ಆದರೂ ಸಂಪ್ರದಾಯವೊಂದೇ ಸಾಲದು. ಅಪಾಚೆ ಎಂಬ ಪ್ರಖ್ಯಾತ ಜಾಲ ಸರ್ವರಿನ ಮುಖ್ಯ ಕಡತವು ಡೆಬಿಯನ್ ಪಂಗಡದ ಲಿನಕ್ಸಿನಲ್ಲಿ ಇಟಿಸಿಯ ಕೆಳಗೆ ‘ಅಪಾಚೆ2’ ಎಂಬ ಫೋಲ್ಡರಿನಲ್ಲಿಯೂ, ರೆಡ್‌ಹ್ಯಾಟ್ ಪಂಗಡದಲ್ಲಿ ‘ಎಚ್‌ಟಿಟಿಪಿಡಿ’ ಎಂಬ ಫೋಲ್ಡರಿನಲ್ಲಿಯೂ ಇರುತ್ತದೆ. ಆದುದರಿಂದ ಒಳ್ಳೆಯ ಸರ್ವರಿಗೆ ಎರಡು ಗುಣಗಳಿರಬೇಕು. ಒಂದು, ‘ಇಂಥ ಕಡತವನ್ನೇ ಓದು’ ಎಂದು ಒಡೆಯನು ನಡೆಸುವಾಗಲೇ ಹೇಳಲು ಅವಕಾಶ. ಇನ್ನೊಂದು, ‘ನಾನು ಓದಿದ ಕಡತ ಇದು’ ಎಂದು ಪೂರ್ಣ ವಿಳಾಸದೊಡನೆ ತಾನಾಗಿಯೇ ತಿಳಿಸುವ ಅಭ್ಯಾಸ. ಈ ಎರಡನೆಯದನ್ನು ಹಲವರು ಅಲಕ್ಷಿಸುತ್ತಾರೆ. ಸರ್ವರ್ ಓದದೆ ಇರುವ ಕಡತವೊಂದನ್ನು ಗಂಟೆಗಟ್ಟಲೆ ತಿದ್ದುತ್ತ, ‘ಏನು ಮಾಡಿದರೂ ಬದಲಾಗದಲ್ಲ’ ಎಂದು ತಲೆಯ ಮೇಲೆ ಕೈಹೊತ್ತು ಕೂಡುವುದು ಈ ವೃತ್ತಿಯಲ್ಲಿ ದಿನದಿನದ ಅನುಭವ.

ಹಲವು ಸೂಚನೆಗಳಲ್ಲಿ ಯಾವುದು ಮೇಲು?

ಸೂಚನೆಗಳು ಒಂದೇ ಕಡೆಯಿಂದ ಬರುವುದಿಲ್ಲ. ಇದನ್ನು ಅರ್ಥಮಾಡಿಕೊಳ್ಳಲು ಉತ್ತರ ಕನ್ನಡದ ವಿದ್ಯಾರ್ಥಿಗಳಿಗೆ ಮಳೆಗಾಲದ ರಜೆಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಶಾಲೆ ಎಂದು ತೆರೆಯಬೇಕು, ಎಂದು ಮುಚ್ಚಬೇಕು ಎಂಬುದನ್ನು ಇಡೀ ರಾಜ್ಯಕ್ಕೆ ಶಿಕ್ಷಣ ಇಲಾಖೆ ಗೊತ್ತುಮಾಡಿರುತ್ತದೆ. ಮಳೆ ವಿಪರೀತವಾದಾಗ ಕಾರವಾರದಲ್ಲಿರುವ ಜಿಲ್ಲಾಧಿಕಾರಿಗಳು ಕಾರವಾರ, ಅಂಕೋಲೆ ಮುಂತಾದ ತಾಲ್ಲೂಕುಗಳ ಶಾಲೆಗಳಿಗೆ ಆ ದಿನ ರಜೆ ಸಾರುತ್ತಾರೆ. ಅದೇ ದಿನ ಮುಂಡಗೋಡಿನ ಹುಡುಗರು ಎಂದಿನಂತೆ ಶಾಲೆಗೆ ಹೋಗುತ್ತಿರಬಹುದು. ಅಂಕೋಲೆಯ ಹುಡುಗನಿಗೆ ಎರಡು ಆಜ್ಞೆಗಳು ಅನ್ವಯಿಸುತ್ತವೆ: ಒಂದು ಸಾಮಾನ್ಯ, ಇನ್ನೊಂದು ವಿಶೇಷ. ವಿಶೇಷವು ಸಾಮಾನ್ಯವನ್ನು ಮೀರುತ್ತದೆ. ಆದರೆ ಎಷ್ಟರ ಮಟ್ಟಿಗೆ? ಆ ಒಂದು ದಿನದ ಮಟ್ಟಿಗೆ ಮಾತ್ರ. ಪರೀಕ್ಷೆಯ ತಾರೀಖು, ದಸರೆಯ ರಜೆ, ಪಾಠಗಳ ಕ್ರಮ ಇವೆಲ್ಲ ರಾಜ್ಯದ ಪಟ್ಟಿಯಲ್ಲಿದ್ದಂತೆಯೇ ಉಳಿಯುತ್ತವೆ.

ಸುಸಂಘಟಿತ ಸರ್ವರಿನಲ್ಲಿಯೂ ಹೀಗೆಯೇ ಪದರಗಳಿರುತ್ತವೆ. ತಳದಲ್ಲಿ ಪ್ರೋಗ್ರಾಂ ಬರೆದವರು ಇಟ್ಟ ಸಾಮಾನ್ಯ ಬೆಲೆಗಳು. ಅದರ ಮೇಲೆ ತಂತ್ರಾಂಶವನ್ನು ಹಂಚಿದವರು ಒದಗಿಸಿದ ಕಡತ. ಅದರ ಮೇಲೆ ಆ ಯಂತ್ರದ ಒಡೆಯನು ಇಟಿಸಿಯಲ್ಲಿ ಬರೆದುದು. ಇನ್ನೂ ಮೇಲೆ ‘ಎನ್ವಿರಾನ್‌ಮೆಂಟ್ ವೇರಿಯಬಲ್’ ಎಂಬ, ಪ್ರೋಗ್ರಾಂ ಹುಟ್ಟುವಾಗ ಅದರ ಕಿವಿಯಲ್ಲಿ ಉಸುರುವ ಸೂಚನೆಗಳು. 1979ರ ಏಳನೆಯ ಆವೃತ್ತಿಯ ಯೂನಿಕ್ಸಿನಿಂದ ಇವು ಬಳಕೆಗೆ ಬಂದವು. ಎಲ್ಲಕ್ಕಿಂತ ಮೇಲೆ, ಪ್ರೋಗ್ರಾಮನ್ನು ನಡೆಸುವ ಆಜ್ಞೆಯ ಸಾಲಿನಲ್ಲಿಯೇ ಬರೆದ ಮಾತು. ಕೆಳಗಿನ ಪದರ ಹೆಚ್ಚು ಸಾಮಾನ್ಯ, ಮೇಲಿನದು ಹೆಚ್ಚು ವಿಶೇಷ. ಮೇಲಿನ ಪದರದಲ್ಲಿ ಹೇಳದೆ ಬಿಟ್ಟುದನ್ನು ಕೆಳಗಿನದರಿಂದ ತೆಗೆದುಕೊಳ್ಳಬೇಕು.

ಈ ಕ್ರಮವನ್ನು ಎಲ್ಲ ಸರ್ವರುಗಳೂ ಒಂದೇ ರೀತಿಯಲ್ಲಿ ಸಾಧಿಸುವುದಿಲ್ಲವೆಂಬುದನ್ನು ಮರೆಯಲಾಗದು. ಮಾಹಿತಿಯನ್ನು ಕಾಪಿಡುವ ಮೈಎಸ್‌ಕ್ಯೂಎಲ್ ತನ್ನ ಕಡತಗಳನ್ನು ಒಂದಾದ ಮೇಲೊಂದರಂತೆ ಓದುತ್ತದೆ. ಒಂದೇ ವಿಷಯವನ್ನು ಎರಡು ಕಡೆ ಹೇಳಿದ್ದರೆ ಕೊನೆಯಲ್ಲಿ ಓದಿದುದೇ ನಿಲ್ಲುತ್ತದೆ. ದೂರದ ಯಂತ್ರವನ್ನು ಗುಟ್ಟಾಗಿ ಸಂಪರ್ಕಿಸಲು ನೆರವಾಗುವ ಓಪನ್‌ಎಸ್‌ಎಸ್‌ಎಚ್‌ನಲ್ಲಿ ಇದಕ್ಕೆ ವಿರುದ್ಧ: ಮೊದಲು ಸಿಕ್ಕಿದುದೇ ನಿಲ್ಲುತ್ತದೆ. ಆದುದರಿಂದ ಒಂದರಲ್ಲಿ ವಿಶೇಷ ಸೂಚನೆಯನ್ನು ಕೊನೆಗೆ ಬರೆಯಬೇಕು, ಇನ್ನೊಂದರಲ್ಲಿ ಮೊದಲಿಗೆ ಬರೆಯಬೇಕು. ಎರಡರಲ್ಲಿ ಯಾವುದೂ ತಪ್ಪಲ್ಲ. ಯಾವುದೆಂದು ಸ್ಪಷ್ಟವಾಗಿ ಹೇಳದಿರುವುದು ತಪ್ಪು.

ಈಗ ಇನ್ನೊಂದು ಪದ್ಧತಿಯೂ ಬಳಕೆಯಲ್ಲಿದೆ. ಒಂದೇ ದೊಡ್ಡ ಕಡತದ ಬದಲು ಒಂದು ಫೋಲ್ಡರಿನಲ್ಲಿ ಹಲವು ಚಿಕ್ಕ ಕಡತಗಳನ್ನಿಟ್ಟು, ಅವುಗಳ ಹೆಸರಿನ ಮೊದಲಿಗೆ 10, 20, 30 ಎಂದು ಅಂಕೆ ಹಾಕುತ್ತಾರೆ. ಸರ್ವರ್ ಅವನ್ನು ಹೆಸರಿನ ಕ್ರಮದಲ್ಲಿ ಓದುತ್ತದೆ. ತಂತ್ರಾಂಶದ ಹೊಸ ಆವೃತ್ತಿ ಬಂದಾಗ ಹಂಚಿದವರ ಕಡತ ಬದಲಾದರೂ ಒಡೆಯನ ಕಡತಕ್ಕೆ ಕೈತಗಲುವುದಿಲ್ಲ ಎಂಬುದು ಇದರ ಲಾಭ. ಆದರೆ ಇಲ್ಲೊಂದು ಮೋಜಿನ ಬಲೆಯಿದೆ. ಹೆಸರಿನ ಕ್ರಮವೆಂದರೆ ನಿಘಂಟಿನ ಕ್ರಮ, ಗಣಿತದ ಕ್ರಮವಲ್ಲ. ನಿಘಂಟು ಮೊದಲ ಅಕ್ಷರವನ್ನು ಹೋಲಿಸಿದ ಮೇಲೆಯೇ ಎರಡನೆಯದನ್ನು ನೋಡುವುದರಿಂದ, 1ರಿಂದ ಮೊದಲಾಗುವ 100 ಎಂಬ ಹೆಸರು 2ರಿಂದ ಮೊದಲಾಗುವ 20ಕ್ಕಿಂತ ಮುಂಚೆ ಬಂದುಬಿಡುತ್ತದೆ. ಎಲ್ಲಕ್ಕೂ ಕೊನೆಯಲ್ಲಿರಲೆಂದು 100 ಎಂದು ಹೆಸರಿಟ್ಟವನ ಸೂಚನೆಯನ್ನು 20ನೆಯ ಕಡತ ಸದ್ದಿಲ್ಲದೆ ಅಳಿಸಿಹಾಕುತ್ತದೆ.

ಓದುವ ಕ್ರಮ

ಕಡತ ಸಿಕ್ಕಿತು. ಇನ್ನು ಓದಬೇಕು. ಒಳ್ಳೆಯ ಸರ್ವರ್ ಈ ಕಾರ್ಯವನ್ನು ಮೂರು ಹೆಜ್ಜೆಗಳಲ್ಲಿ ಮಾಡುತ್ತದೆ: ಮೊದಲು ಪೂರ್ತಿ ಓದುವುದು, ಆಮೇಲೆ ಪರೀಕ್ಷಿಸುವುದು, ಕಡೆಗೆ ಅನುಸರಿಸುವುದು. ಒಂದು ಸಾಲು ಓದಿ ಒಂದು ಸಾಲು ಅನುಸರಿಸುವ ಸರ್ವರ್ ಹತ್ತನೆಯ ಸಾಲಿನಲ್ಲಿ ತಪ್ಪು ಸಿಕ್ಕಾಗ ಅರ್ಧ ಹೊಸ ನಿಯಮ, ಅರ್ಧ ಹಳೆಯ ನಿಯಮದ ನಡುವೆ ತ್ರಿಶಂಕುವಾಗುತ್ತದೆ.

ಪರೀಕ್ಷೆಯಲ್ಲಿ ಏನೇನು ಬರಬೇಕು? ‘ಪೋರ್ಟ್’ ಎಂದು ಬರೆಯಬೇಕಾದಲ್ಲಿ ಒಡೆಯನು ‘ಪೋಟ್’ ಎಂದು ಬರೆದರೆ, ತನಗೆ ಗೊತ್ತಿಲ್ಲದ ಪದವೆಂದು ಸರ್ವರ್ ಅದನ್ನು ದಾಟಿಬಿಡಬಾರದು. ದಾಟಿದರೆ ಸಾಮಾನ್ಯ ಬೆಲೆಯೇ ಉಳಿಯುತ್ತದೆ. ಒಡೆಯನು ತಾನು ಬದಲಿಸಿದೆನೆಂದು ನಂಬಿರುತ್ತಾನೆ. ಇಂಥ ಕಡತದ ಇಂಥ ಸಾಲಿನಲ್ಲಿ ಇಂಥ ಪದ ಅಪರಿಚಿತವೆಂದು ಹೇಳಿ ನಿಲ್ಲುವುದೇ ಮೇಲು. ಪೋರ್ಟಿನ ಸಂಖ್ಯೆ 1ರಿಂದ 65,535ರೊಳಗೆ ಇರಬೇಕೆಂಬಂಥ ಮಿತಿಗಳನ್ನೂ ಈಗಲೇ ನೋಡಬೇಕು.

ಕಡತವೇ ಇಲ್ಲದಿದ್ದರೆ? ಇಲ್ಲಿ ವಿವೇಚನೆ ಬೇಕು. ಎಂದಿನ ಸ್ಥಳದಲ್ಲಿ ಕಡತವಿಲ್ಲದಿದ್ದರೆ ಸಾಮಾನ್ಯ ಬೆಲೆಗಳೊಡನೆ ಮುಂದುವರಿಯಬಹುದು. ಒಡೆಯನಿಗೆ ವಿಶೇಷವೇನೂ ಬೇಕಾಗಿಲ್ಲವೆಂದು ತಿಳಿಯಬಹುದು. ಆದರೆ ‘ಇಂಥ ಕಡತವನ್ನೇ ಓದು’ ಎಂದು ಹೆಸರಿಸಿ ಹೇಳಿದ ಮೇಲೂ ಅದು ಸಿಗದಿದ್ದರೆ ಸರ್ವರ್ ನಿಲ್ಲಬೇಕು. ಹೇಳಿದ ಕಡತ ಸಿಗಲಿಲ್ಲವೆಂದು ತೋಚಿದ ಇನ್ನೊಂದನ್ನು ಓದುವುದು ಸೇವಕನ ಜಾಣತನವಲ್ಲ, ಉದ್ಧಟತನ.

ನಡೆಯುತ್ತಿರುವ ಸರ್ವರಿಗೆ ಹೊಸ ಸೂಚನೆ ಕೊಡುವ ಬಗೆಯೂ ಕುತೂಹಲಕರವಾದುದು. ಯೂನಿಕ್ಸಿನಲ್ಲಿ ‘ಹ್ಯಾಂಗಪ್’ ಎಂಬ ಸಂಕೇತವೊಂದುಂಟು. ದೂರವಾಣಿಯ ತಂತಿಯ ಮೂಲಕ ಗಣಕವನ್ನು ಬಳಸುತ್ತಿದ್ದ ಕಾಲದಲ್ಲಿ, ‘ಆಚೆಯವನು ರಿಸೀವರ್ ಇಟ್ಟುಬಿಟ್ಟ’ ಎಂದು ತಿಳಿಸುವುದು ಅದರ ಕೆಲಸ. ತೆರೆಯ ಹಿಂದೆ ನಡೆಯುವ ಸರ್ವರಿಗೆ ರಿಸೀವರೂ ಇಲ್ಲ, ತಂತಿಯೂ ಇಲ್ಲ. ಉಪಯೋಗವಿಲ್ಲದೆ ಬಿದ್ದಿದ್ದ ಆ ಸಂಕೇತವನ್ನೇ ‘ನಿನ್ನ ಕಡತವನ್ನು ಮತ್ತೊಮ್ಮೆ ಓದು’ ಎಂಬ ಅರ್ಥದಲ್ಲಿ ಬಳಸುವ ರೂಢಿ ಬಂದಿತು. 2004ರಲ್ಲಿ ರಷ್ಯದ ಇಗೊರ್ ಸಿಸೊಯೆವ್ ಹೊರತಂದ ಎಂಜಿನ್-ಎಕ್ಸ್ ಎಂಬ ಸರ್ವರ್ ಈ ಸಂಕೇತ ಬಂದಾಗ ಹೊಸ ಕಡತವನ್ನು ಪರೀಕ್ಷಿಸುತ್ತದೆ. ಸರಿಯಿದ್ದರೆ ಹೊಸ ಕೆಲಸಗಾರ ಪ್ರಕ್ರಿಯೆಗಳನ್ನು ಹುಟ್ಟಿಸಿ, ಹಳೆಯವು ತಮ್ಮ ಕೈಯಲ್ಲಿರುವ ಕೆಲಸ ಮುಗಿಸಿ ನಿವೃತ್ತವಾಗುವಂತೆ ಮಾಡುತ್ತದೆ. ತಪ್ಪಿದ್ದರೆ ಹಳೆಯ ಸೂಚನೆಯಂತೆಯೇ ನಡೆಯುತ್ತಿರುತ್ತದೆ. ಕೇಳುಗರಿಗೆ ಯಾವುದರ ಅರಿವೂ ಆಗುವುದಿಲ್ಲ.

ಓದುವುದು ತಪ್ಪಿದಾಗ

ಇಷ್ಟೆಲ್ಲ ಎಚ್ಚರಿಕೆ ಒಂದು ಚಿಕ್ಕ ಕಡತಕ್ಕೆ ಬೇಕೇ ಎಂದು ವಾಚಕರು ಕೇಳಬಹುದು. ಇತ್ತೀಚಿನ ಎರಡು ಘಟನೆಗಳು ಇದಕ್ಕೆ ಉತ್ತರ ಕೊಡುತ್ತವೆ.

2024ರ ಜುಲೈ 19ರಂದು, ನಮ್ಮ ದೇಶದ ವೇಳೆ ಬೆಳಗಿನ 9 ಗಂಟೆ 39 ನಿಮಿಷಕ್ಕೆ, ಕ್ರೌಡ್‌ಸ್ಟ್ರೈಕ್ ಎಂಬ ಕಂಪೆನಿ ತನ್ನ ರಕ್ಷಣಾ ತಂತ್ರಾಂಶಕ್ಕೆ ಹೊಸ ಸಂರಚನಾ ಕಡತವೊಂದನ್ನು ಕಳುಹಿಸಿತು. ಹೊಸ ಸೂಚನೆ ನೋಡಬಯಸಿದ್ದು 21 ಅಂಶಗಳನ್ನು. ಪ್ರೋಗ್ರಾಂ ಒದಗಿಸುತ್ತಿದ್ದುದು 20ನ್ನು ಮಾತ್ರ. ಇಲ್ಲದ 21ನೆಯದನ್ನು ಓದಹೋದ ತಂತ್ರಾಂಶವು ವಿಂಡೋಸ್ ವ್ಯವಸ್ಥೆಯನ್ನೇ ಕೆಡವಿತು. ಯಂತ್ರ ಮತ್ತೆ ಎದ್ದಾಗ ಅದೇ ಕಡತವನ್ನು ಓದಿ ಮತ್ತೆ ಬಿದ್ದಿತು. ಕಂಪೆನಿ 78 ನಿಮಿಷಗಳಲ್ಲಿ ಆ ಕಡತವನ್ನು ಹಿಂತೆಗೆದುಕೊಂಡರೂ, ಅಷ್ಟರಲ್ಲಿ ಬಿದ್ದಿದ್ದ ಯಂತ್ರಗಳಲ್ಲಿ ಬಹಳಷ್ಟರ ಬಳಿಗೆ ಜನರು ಹೋಗಿ ಕೈಯಾರೆ ಅದನ್ನು ಅಳಿಸಬೇಕಾಯಿತು. ಮೈಕ್ರೋಸಾಫ್ಟಿನ ಅಂದಾಜಿನಂತೆ ಕೆಟ್ಟು ನಿಂತ ಯಂತ್ರಗಳು 85 ಲಕ್ಷ. ಆಸ್ಪತ್ರೆಗಳು, ಬ್ಯಾಂಕುಗಳು, ವಿಮಾನ ಕಂಪೆನಿಗಳು ತತ್ತರಿಸಿದವು. ಭಾರತದ ವಿಮಾನನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಯಲ್ಲಿ ಬರೆದ ಚೀಟಿಗಳನ್ನು ಕೊಟ್ಟರು.

2025ರ ನವೆಂಬರ್ 18ರಂದು ಜಗತ್ತಿನ ಅನೇಕ ಜಾಲತಾಣಗಳಿಗೆ ಕಾವಲಾಗಿರುವ ಕಂಪೆನಿಗಳಲ್ಲೊಂದಾದ ಕ್ಲೌಡ್‌ಫ್ಲೇರಿನಲ್ಲಿ ಇನ್ನೊಂದು ಬಗೆಯ ಅನಾಹುತವಾಯಿತು. ತಾನಾಗಿ ಸಿದ್ಧವಾಗುತ್ತಿದ್ದ ಒಂದು ಕಡತದಲ್ಲಿ ಸಾಲುಗಳು ಇಮ್ಮಡಿಸಿ ಬಂದವು. ಓದುವ ಪ್ರೋಗ್ರಾಂ 200 ಅಂಶಗಳಿಗೆ ಮಾತ್ರ ಜಾಗ ಮಾಡಿಕೊಂಡಿತ್ತು; ಮಿತಿ ಮೀರಿದೊಡನೆ ಅದು ಕುಸಿಯಿತು. ಹಿಂದಿನ ಒಳ್ಳೆಯ ಕಡತವನ್ನು ಮರಳಿ ಇಟ್ಟ ಮೇಲೆಯೇ ಸೇವೆ ಚೇತರಿಸಿಕೊಂಡದ್ದು.

ಎರಡರಲ್ಲಿಯೂ ಕಲಿಯತಕ್ಕ ಪಾಠ ಒಂದೇ. ಹೊರಗಿನ ಅಪರಿಚಿತನ ಮಾತನ್ನು ಪರೀಕ್ಷಿಸುವಷ್ಟೇ ಕಟ್ಟುನಿಟ್ಟಾಗಿ ನಮ್ಮದೇ ಮನೆಯಿಂದ ಬಂದ ಕಡತವನ್ನೂ ಪರೀಕ್ಷಿಸಬೇಕು. ತಪ್ಪಿದ್ದರೆ ಹಿಂದಿನ ಒಳ್ಳೆಯ ಪ್ರತಿಯೊಡನೆ ಮುಂದುವರಿಯಬೇಕು. ಎಲ್ಲ ಯಂತ್ರಗಳಿಗೂ ಒಮ್ಮೆಲೆ ಕಳುಹದೆ, ಮೊದಲು ಕೆಲವಕ್ಕೆ ಕಳುಹಿ ನೋಡಬೇಕು.

ಬರೆಯುವ ಹಕ್ಕು ಯಾರದು?

ಮಳೆಗಾಲದಲ್ಲಿ ಹಳೆಯ ರಜೆಯ ಆಜ್ಞೆಯ ಚಿತ್ರ ವಾಟ್ಸ್‌ಆ್ಯಪಿನಲ್ಲಿ ಮತ್ತೆ ಸುತ್ತಾಡಿ ಮಕ್ಕಳನ್ನೂ ತಾಯ್ತಂದೆಗಳನ್ನೂ ಗಲಿಬಿಲಿಗೊಳಿಸುವುದುಂಟು. ಆಜ್ಞೆಯ ಮಾತಿನಷ್ಟೇ ಅದು ಎಲ್ಲಿಂದ ಬಂದಿತು ಎಂಬುದೂ ಮುಖ್ಯ. ಸರ್ವರಿನ ಕಡತವನ್ನು ಯಾರು ಬೇಕಾದರೂ ತಿದ್ದಬಹುದಾಗಿದ್ದರೆ, ಅದನ್ನು ತಿದ್ದಬಲ್ಲವನೇ ಸರ್ವರಿನ ಒಡೆಯ. ಇದನ್ನರಿತು ಯೂನಿಕ್ಸ್ ಯಂತ್ರಗಳಲ್ಲಿ ಮೈಎಸ್‌ಕ್ಯೂಎಲ್, ಎಲ್ಲರಿಗೂ ಬರೆಯಲು ಅನುಮತಿಯಿರುವ ಸಂರಚನಾ ಕಡತವನ್ನು ಓದದೆ ಬಿಟ್ಟುಬಿಡುತ್ತದೆ. ಗುಪ್ತಪದಗಳಿರುವ ಕಡತಕ್ಕೆ ಓದುವ ಅನುಮತಿಯೂ ಒಡೆಯನಿಗೆ ಮಾತ್ರ ಇರತಕ್ಕದ್ದು. ಅಂಥ ಕಡತವನ್ನು ಪ್ರೋಗ್ರಾಮಿನ ಪಠ್ಯದೊಡನೆ ಸೇರಿಸಿ ನಾಲ್ಕು ಜನರ ಕೈಗೆ ಕೊಡುವುದು ಮನೆಯ ಬೀಗದಕೈಯನ್ನು ಜಗಲಿಯ ಮೇಲಿಟ್ಟು ಪೇಟೆಗೆ ಹೋದಂತೆ.

ಮಾಡಿ ನೋಡಬಹುದಾದ ಪ್ರಯೋಗ

ಈ ವಿಷಯವನ್ನು ಓದಿ ತಿಳಿಯುವುದಕ್ಕಿಂತ ಮಾಡಿ ತಿಳಿಯುವುದು ಸುಲಭ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಲಿನಕ್ಸ್ ಯಂತ್ರವಿದ್ದರೆ ಅಧ್ಯಾಪಕರ ಅನುಮತಿ ಪಡೆದು ಇಟಿಸಿ ಫೋಲ್ಡರನ್ನು ತೆರೆದು ನೋಡಿ. ಅಲ್ಲಿಯ ಬಹುಪಾಲು ಕಡತಗಳು ಸಾಮಾನ್ಯ ಅಕ್ಷರಗಳಲ್ಲಿ ಬರೆದವಾಗಿದ್ದು, ಯಾರು ಬೇಕಾದರೂ ಓದುವಂತಿವೆ. ಎಂಜಿನ್-ಎಕ್ಸ್ ಇದ್ದರೆ ಅದರ ಕಡತದ ಒಂದು ಪ್ರತಿಯನ್ನು ನಿಮ್ಮ ಫೋಲ್ಡರಿಗೆ ತೆಗೆದುಕೊಂಡು, ಒಂದು ಅರ್ಧವಿರಾಮ ಚಿಹ್ನೆಯನ್ನು ಬೇಕೆಂದೇ ಅಳಿಸಿ, ಪರೀಕ್ಷಿಸು ಎಂಬ ಆಯ್ಕೆಯೊಡನೆ ಆ ಪ್ರತಿಯ ಪೂರ್ಣ ವಿಳಾಸವನ್ನು ಕೊಟ್ಟು ನಡೆಸಿ ನೋಡಿ. ಯಾವ ಕಡತದ ಎಷ್ಟನೆಯ ಸಾಲಿನಲ್ಲಿ ಎಡವಿದೆನೆಂದು ಅದು ಹೇಳುತ್ತದೆ. ಚಿಹ್ನೆ ಕಾಣೆಯಾದ ಸಾಲನ್ನೇ ಹೇಳುತ್ತದೆಯೋ, ಅದರ ಮುಂದಿನದನ್ನು ಹೇಳುತ್ತದೆಯೋ ಎಂಬುದನ್ನು ಗುರುತಿಸಿ. ಹಾಗೇಕೆ ಎಂಬುದನ್ನು ನೀವೇ ಆಲೋಚಿಸಿರಿ.